ಕೆಳಕೋಣೆಗೆ ಕೆಂಡ ಬೇಡ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ನೀಲಗಿರಿಯಲ್ಲಿ ಹಿಮ ಬೀಳುವ ಕಾಲ. ಇಳಿಜಾರಿನಲ್ಲಿ ಕಟ್ಟಿದ ನಮ್ಮ ಎಷ್ಟೋ ಮನೆಗಳ ಕೆಳಗೆ, ಬೆಟ್ಟದ ಮಣ್ಣಿಗೆ ಬೆನ್ನು ಕೊಟ್ಟಂತೆ ಒಂದು ಕೋಣೆ ಇರುತ್ತದೆ. ಬಿತ್ತನೆ ಆಲೂಗೆಡ್ಡೆ ಇಡುವುದು, ಬೆಳ್ಳುಳ್ಳಿ ವಿಂಗಡಿಸುವುದು, ಚೀಲ ಹೊಲಿಯುವುದು ಎಲ್ಲವೂ ಅಲ್ಲೇ. ಮೂರು ಕಡೆ ಮಣ್ಣು, ಒಂದು ಬಾಗಿಲು, ಇದ್ದರೆ ಒಂದು ಚಿಕ್ಕ ಕಿಟಕಿ. ಅಲ್ಲಿ ಕುಳಿತು ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು. ಬೆರಳು ಮರಗಟ್ಟಿದಾಗ ಬಾಂಡಲಿಯಲ್ಲಿ ಒಂದಿಷ್ಟು ಕೆಂಡ ತಂದಿಟ್ಟು ಬಾಗಿಲು ಮುಚ್ಚುವುದು ವಾಡಿಕೆ. ಈ ವಾಡಿಕೆಯನ್ನು ಕಡಿಮೆ ಮಾಡುವುದಲ್ಲ, ಪೂರ್ತಿಯಾಗಿ ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಹೊಗೆಯಾಡುವ ಸೌದೆಗಿಂತ ಹೊಗೆಯಿಲ್ಲದ ಕೆಂಡ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಹೊಗೆಯಾದರೂ ಕಣ್ಣು ಉರಿಸಿ ನಮ್ಮನ್ನು ಹೊರಗೆ ಅಟ್ಟುತ್ತದೆ. ಕೆಂಪಗೆ ಕಾದ ಇದ್ದಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಮಂಪರು. ಚಳಿಗೆ ಹೀಗಾಗಿದೆ ಎಂದುಕೊಂಡು ಕೆಂಡದ ಹತ್ತಿರಕ್ಕೇ ಸರಿದು ಕುಳಿತವರು ಮತ್ತೆ ಏಳಲಾರರು. ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದರೆ ಇಳಿಯುತ್ತಿದ್ದರೆ, ಅದನ್ನು ಶೀತದ ತಲೆನೋವೆಂದು ತಳ್ಳಿಹಾಕಬಾರದು.

"ನಮ್ಮ ಅಜ್ಜ ಅಜ್ಜಿ ಇಡೀ ಆಯುಷ್ಯ ಅಗ್ಗಿಷ್ಟಿಕೆಯ ಮುಂದೆ ಕಳೆದರಲ್ಲ, ಅವರಿಗೇನಾಯಿತು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅವರು ಬಾಳಿದ್ದು ಹುಲ್ಲಿನ, ಹೆಂಚಿನ ಮಾಡಿನ ಕೆಳಗೆ. ಹೆಂಚಿನ ಸಂದಿಯಿಂದ, ಬಾಗಿಲ ಬಿರುಕಿನಿಂದ ಗಾಳಿ ಆಡುತ್ತಲೇ ಇತ್ತು. ಅವರ ಹೊಗೆಹಿಡಿದ ತೊಲೆಗಳೇ ಅದಕ್ಕೆ ಸಾಕ್ಷಿ. ಆ ಹೊಗೆಯಿಂದ ಅವರಲ್ಲಿ ಅನೇಕರು ಕೆಮ್ಮಿ ಕೆಮ್ಮಿ ಸವೆದದ್ದೂ ನಿಜವೆನ್ನಿ. ನಾವಾದರೋ ಮೇಲೆ ಕಾಂಕ್ರೀಟ್ ಹಾಕಿ, ಕಿಟಕಿಗೆ ಗಾಜು ಕೂರಿಸಿ, ಉಳಿದ ಸಂದಿಗೆ ಗೋಣಿ ತುರುಕಿದ್ದೇವೆ. ಮನೆ ಬದಲಾಯಿತು, ಕೆಂಡ ಮಾತ್ರ ಹಾಗೆಯೇ ಉಳಿಯಿತು.

2024ರ ಜನವರಿಯಲ್ಲಿ ದೆಹಲಿಯಲ್ಲಿ ಒಂದೇ ಮನೆಯ ನಾಲ್ವರು, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ತೀರಿಕೊಂಡರು. ಗ್ಯಾಸ್ ಹೀಟರ್ ಇದ್ದರೆ ಭಯವಿಲ್ಲ ಎನ್ನುವವರು ನೇಪಾಳದ ದಾಮನ್‌ನಲ್ಲಿ ನಡೆದದ್ದನ್ನು ನೆನೆಯಲಿ. ಅದೂ ಹೆಚ್ಚುಕಡಿಮೆ ಊಟಿಯಷ್ಟೇ ಎತ್ತರದ ಊರು. 2020ರ ಜನವರಿಯಲ್ಲಿ ಅಲ್ಲಿಗೆ ಹೋದ ಕೇರಳದ ಎಂಟು ಮಂದಿ ಪ್ರವಾಸಿಗರು, ನಾಲ್ವರು ಮಕ್ಕಳೂ ಸೇರಿ, ಗ್ಯಾಸ್ ಹೀಟರ್ ಹಚ್ಚಿದ ಒಂದೇ ಕೋಣೆಯಲ್ಲಿ ಮಲಗಿ ಪ್ರಾಣ ಬಿಟ್ಟರು. ಕೆಳಕೋಣೆಗೆ ಸಿಲಿಂಡರ್ ಇಳಿಸಬಾರದೆನ್ನಲು ಇನ್ನೊಂದು ಕಾರಣವಿದೆ: ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಸೀಮೆಎಣ್ಣೆ ಸ್ಟೌವಿನ ಮಾತೂ ಬೇಡ. ಪಕ್ಕದಲ್ಲಿ ಬಕೆಟ್ ನೀರಿಟ್ಟರೆ ವಿಷ ಹೀರಿಕೊಳ್ಳುತ್ತದೆ ಎಂಬುದು ಬರೀ ಭ್ರಮೆ.

ಹಾಗಾದರೆ ಏನು ಮಾಡಬೇಕು? ಹಿಮ ಬಿದ್ದ ಮರುದಿನ ಸಾಮಾನ್ಯವಾಗಿ ಒಳ್ಳೆಯ ಬಿಸಿಲಿರುತ್ತದೆ. ವಿಂಗಡಿಸುವ ಕೆಲಸವನ್ನು ಹತ್ತರಿಂದ ಮೂರರವರೆಗೆ ಅಂಗಳದಲ್ಲಿ ಮಾಡಿ ಮುಗಿಸಬಹುದು. ಒಳಗೇ ಮಾಡಬೇಕಾದರೆ ಇಡೀ ಕೋಣೆಯನ್ನು ಕಾಯಿಸುವ ಆಸೆ ಬಿಡಿ. ಕೋಣೆ ಬಿಸಿಯಾದರೆ ಬಿತ್ತನೆ ಗೆಡ್ಡೆ ಅಕಾಲದಲ್ಲಿ ಮೊಳೆಯುತ್ತದೆ. ಕಾಯಬೇಕಾದದ್ದು ಮನುಷ್ಯರು. ತಣ್ಣನೆಯ ನೆಲದ ಮೇಲೆ ಹಲಗೆ ಹಾಸಿ, ಅದರ ಮೇಲೆ ಗೋಣಿ ಹಾಕಿ ಕುಳಿತರೆ ಅರ್ಧ ಚಳಿ ಹೋದಂತೆ. ಬೇಕಾದರೆ ವಿದ್ಯುತ್ ಹೀಟರ್. ಎಣ್ಣೆ ತುಂಬಿದ ರೇಡಿಯೇಟರ್ ಬಗೆಯದು ನಿಧಾನ, ಆದರೆ ಗೋಣಿ, ಹುಲ್ಲು ಇರುವ ಜಾಗಕ್ಕೆ ಅದೇ ಮೇಲು. ಕೆಂಪಗೆ ಉರಿಯುವ ಕಡ್ಡಿಯ ಹೀಟರ್ ಬೇಗ ಬಿಸಿ ಕೊಡುತ್ತದೆ. ಅದರಿಂದ ಮೂರಡಿ ದೂರದಲ್ಲಿ ಏನೂ ಇರಕೂಡದು. 2000 ವ್ಯಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ದೀಪಕ್ಕೆ ಹಾಕಿದ ಸಣ್ಣ ತಂತಿ, ಎಕ್ಸ್‌ಟೆನ್ಷನ್ ಬೋರ್ಡ್ ಅದನ್ನು ತಾಳುವುದಿಲ್ಲ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು; ನೆಲ ತೇವವಾಗುವ ಕೋಣೆಯಾದ್ದರಿಂದ ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನವೂ ಬೇಕು. ಕರೆಂಟು ಹೋದರೆ ಕೆಲಸ ನಿಲ್ಲಿಸಿ ಮೇಲೆ ಬನ್ನಿ.

"ಕರೆಂಟಿನ ಬಿಲ್ಲು ಯಾರು ಕಟ್ಟುವುದು?" ಎಂಬಲ್ಲಿಗೆ ಮಾತು ನಿಲ್ಲುತ್ತದೆಂದು ನಮಗೆ ಗೊತ್ತು. 1000 ವ್ಯಾಟಿನ ಹೀಟರ್ ನಾಲ್ಕು ಗಂಟೆ ಉರಿದರೆ 4 ಯೂನಿಟ್. ಕೂಲಿಗೆ ಕರೆದವರು ಕಟ್ಟಬೇಕು, ಮತ್ತೆ ಯಾರು? ಸೊಪ್ಪಿಗೆ, ಗೆಡ್ಡೆಗೆ ಔಷಧಿ ಹೊಡೆಯಲು ಲೆಕ್ಕ ನೋಡದೆ ಖರ್ಚು ಮಾಡುವ ನಾವು, ಗೆಡ್ಡೆ ಆರಿಸುವ ಅಮ್ಮಂದಿರ ಉಸಿರಿಗೆ ಲೆಕ್ಕ ಹಾಕುವುದು ಶೋಭಿಸದು. ಆ ಖರ್ಚು ಆಗದೆಂದರೆ ಚಳಿಗಾಲದಲ್ಲಿ ಆ ಕೋಣೆಯಲ್ಲಿ ಯಾರನ್ನೂ ಕೂರಿಸಬಾರದು.

ಯಾರಾದರೂ ಒಳಗೆ ಕುಸಿದು ಬಿದ್ದರೆ ಬಾಗಿಲನ್ನು ಪೂರ್ತಿ ತೆರೆದು, ಅವರನ್ನು ಬೇಗ ಹೊರಗಿನ ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಕೋಣೆಯಲ್ಲಿ ಕೆಂಡವಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷ ಸೇರಿದವರಲ್ಲೂ ಎಲ್ಲ ಸರಿಯಿದೆ ಎಂಬಂಥ ಅಂಕಿಯನ್ನೇ ತೋರಿಸಬಹುದು.