ನೀರು ತಿಳಿಯಾಯ್ತು, ರಾಡಿ ಎಲ್ಲಿಗೆ ಹೋಯ್ತು?

ಮಕ್ಕಳೇ, ಹೊಲಸು ನೀರು ಶುದ್ಧ ಮಾಡುವ ಘಟಕದ ಚಿತ್ರ ಬರೀರಿ ಅಂದರೆ ನೀವೆಲ್ಲ ಎಷ್ಟು ಚಂದ ಬರೀತೀರಿ! ಎಡಗಡೆ ಕಪ್ಪು ನೀರು, ನಡುವೆ ಮೂರು ನಾಲ್ಕು ತೊಟ್ಟಿ, ಬಲಗಡೆ ನೀಲಿ ಪೆನ್ಸಿಲಿನ ದೊಡ್ಡ ಬಾಣ, ಅದರ ಮುಂದೆ 'ಶುದ್ಧ ನೀರು'. ತೊಟ್ಟಿಯ ತಳದಿಂದ ಇನ್ನೊಂದು ಸಣ್ಣ ಬಾಣ ಹೊರಡುತ್ತದೆ. ಅದರ ಮುಂದೆ 'ರಾಡಿ' ಎಂದು ಬರೆದು ಕೈಬಿಡುತ್ತೀರಿ. ಆ ಬಾಣ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಇದುವರೆಗೆ ಒಬ್ಬರನ್ನೂ ಕೇಳಿಲ್ಲ. ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೇನೆ. ತಪ್ಪು ನನ್ನದು. ನನ್ನ ಮಟ್ಟಿಗೆ ಹೇಳುವುದಾದರೆ ಆ ಘಟಕದ ಅರ್ಧ ಕೆಲಸ, ಬಹುಶಃ ಕಷ್ಟದ ಅರ್ಧ, ಆ ಸಣ್ಣ ಬಾಣದಲ್ಲೇ ಇದೆ.

ಮೊದಲು ರಾಡಿ ಹುಟ್ಟುವುದು ಹೇಗೆ ನೋಡೋಣ. ಮಳೆಗಾಲದಲ್ಲಿ ಕೊಡದ ನೀರು ಕೆಂಪಾಗಿ ಬಂದರೆ ಅಜ್ಜಿ ಪಟಿಕದ ತುಂಡನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆಯುತ್ತಿದ್ದಳು. ನಮ್ಮ ಸೊಲ್ಲಾಪುರದ ಕಡೆ ಮರಾಠಿ ಪ್ರಭಾವದಿಂದ ಅದಕ್ಕೆ 'ತುರಟಿ' ಅಂತಲೂ ಅಂತಾರೆ. ಕೆಲವು ಕಡೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರು. ನೀರಿನಲ್ಲಿ ತೇಲುವ ಜೇಡಿಯ ಕಣಗಳು ಬಲು ಸಣ್ಣವು, ಎಲ್ಲದರ ಮೇಲೂ ಋಣ ವಿದ್ಯುದಂಶ. ಹೀಗಾಗಿ ಒಂದನ್ನೊಂದು ದೂಡುತ್ತ ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಪಟಿಕದ ಅಲ್ಯುಮಿನಿಯಂ ಧನ ಅಯಾನು ಆ ಜಗಳ ಬಿಡಿಸುತ್ತದೆ. ಜೊತೆಗೆ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಅಂಟಾದ ಚೂರುಗಳು ಹುಟ್ಟಿ, ಕಣಗಳನ್ನು ಬಲೆಯಲ್ಲಿ ಹಿಡಿದಂತೆ ಹಿಡಿದು ತಳಕ್ಕೆ ಒಯ್ಯುತ್ತವೆ. ಹೀಗೆ ಕಣಗಳು ಕೂಡಿ ಹತ್ತಿಯ ಪುಂಜದಂತೆ ಆಗುವುದಕ್ಕೆ ಫ್ಲಾಕ್ಯುಲೇಶನ್ ಎನ್ನುತ್ತಾರೆ. ಆ ಪುಂಜಕ್ಕೆ ಫ್ಲಾಕ್ ಎಂದು ಹೆಸರು.

ಇಲ್ಲೇ ನನ್ನ ಮೊದಲ ತಕರಾರು. ನೀರು ತಿಳಿಯಾಗದಿದ್ದರೆ ಇನ್ನಷ್ಟು ಔಷಧ ಹಾಕು ಎನ್ನುವ ಬುದ್ಧಿ ದೊಡ್ಡವರಲ್ಲೂ ಇದೆ. ಕಳೆದ ವರ್ಷ ನಮ್ಮ ಏಳನೆಯ ತರಗತಿಯವರು ಎರೆಮಣ್ಣಿನ ನೀರನ್ನು ಆರು ಬಾಟಲಿಗಳಲ್ಲಿ ತುಂಬಿ ಪ್ರಯೋಗ ಮಾಡಿದರು. 10 ಗ್ರಾಂ ಪಟಿಕವನ್ನು 1 ಲೀಟರ್ ನೀರಿನಲ್ಲಿ ಕರಗಿಸಿದರೆ ಅದರ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪಟಿಕ ಇರುತ್ತದೆ. ಹೀಗೆ ಅಳೆದು ಒಂದೊಂದು ಬಾಟಲಿಗೆ ಒಂದೊಂದು ಪ್ರಮಾಣ. ಒಬ್ಬ ಹುಡುಗನಿಗೆ ತಾಳ್ಮೆ ಸಾಲಲಿಲ್ಲ. ಮುಷ್ಟಿ ತುಂಬ ಪುಡಿ ಸುರಿದ. ಉಳಿದ ಬಾಟಲಿಗಳು ತಿಳಿಯಾದವು, ಇವನದು ಮಾತ್ರ ಕಲಕಾಗೇ ಉಳೀತು. "ಸರ್, ನಾ ಎಲ್ಲಾರಗಿಂತ ಜಾಸ್ತಿ ಹಾಕೀನಿ, ಆದ್ರೂ ಯಾಕ ಹಿಂಗ?" ಅಂದ. ಅತಿಯಾದರೆ ಋಣವಿದ್ದ ಕಣಗಳೇ ಧನವಾಗಿ ಮತ್ತೆ ದೂಡಾಡತೊಡಗುತ್ತವೆ. ಪಟಿಕ ನೀರನ್ನು ಹುಳಿಯಾಗಿಸುವುದರಿಂದ, pH ಬಹಳ ಇಳಿದರೆ ಹೈಡ್ರಾಕ್ಸೈಡಿನ ಬಲೆಯೂ ಹೆಣೆದುಕೊಳ್ಳುವುದಿಲ್ಲ. ಅವತ್ತಿನ ಪಾಠ ಕಲಿಸಿದ್ದು ಆ ಹುಡುಗನ ಬಾಟಲಿಯೇ, ನಾನಲ್ಲ.

ಕಲಕುವುದರಲ್ಲೂ ಲೆಕ್ಕವಿದೆ. ಮೊದಲು ಒಂದು ನಿಮಿಷ ಜೋರಾಗಿ, ಔಷಧ ಎಲ್ಲ ಕಡೆ ಹರಡಲಿ ಎಂದು. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಲು ತೂಗಿದಷ್ಟು ಮೆಲ್ಲಗೆ. ಅವಸರ ಮಾಡಿದರೆ ಕಟ್ಟಿದ ಫ್ಲಾಕ್ ಒಡೆದು ಚೂರಾಗುತ್ತದೆ. ಒಮ್ಮೆ ಒಡೆದದ್ದು ಮೊದಲಿನ ಗಾತ್ರಕ್ಕೆ ಮರಳುವುದು ಕಷ್ಟ.

ಈಗ ಸಣ್ಣ ಬಾಣಕ್ಕೆ ಬರೋಣ. ತಳದಲ್ಲಿ ಕುಳಿತದ್ದು ಮಣ್ಣು ಅಂತ ತಿಳಿಯಬೇಡಿ. ಅದರಲ್ಲಿ ಹೆಚ್ಚಿನದು ನೀರೇ. 100 ಕಿಲೋ ರಾಡಿಯಲ್ಲಿ 99 ಕಿಲೋ ನೀರು, 1 ಕಿಲೋ ಘನ ಎಂದುಕೊಳ್ಳಿ. ನೀರಿನ ಪಾಲನ್ನು 99ರಿಂದ 98ಕ್ಕೆ ಇಳಿಸಿದರೆ ರಾಡಿಯ ತೂಕ ಎಷ್ಟಾಗುತ್ತದೆ? ತರಗತಿಯಲ್ಲಿ ಕೇಳಿದರೆ ಎಲ್ಲರೂ "99 ಕಿಲೋ" ಅಂತಾರೆ. ಅಲ್ಲ, 50 ಕಿಲೋ! ಘನ ಆ 1 ಕಿಲೋನೇ. ಅದು ಈಗ ನೂರಕ್ಕೆ 2 ಪಾಲಾಗಬೇಕಾದರೆ ಒಟ್ಟು ಐವತ್ತೇ ಇರಬೇಕು. ಘನ ನೂರಕ್ಕೆ 20 ಆಗುವವರೆಗೆ ಹಿಂಡಿದರೆ ಉಳಿಯುವುದು ಬರೀ 5 ಕಿಲೋ. ಇದನ್ನೇ ಲಾರಿಗಳಲ್ಲಿ ಎಣಿಸಿ: 10 ಟನ್ನಿನ ಲಾರಿ ಹತ್ತು ಸಲ ಓಡುವ ಬದಲು ಅರ್ಧ ಲಾರಿಯಲ್ಲೇ ಕೆಲಸ ಮುಗೀತು. ಡೀಸೆಲ್, ಕೂಲಿ, ಸುರಿಯುವ ಜಾಗ, ಎಲ್ಲ ಉಳಿತಾಯ.

ಹಿಂಡುವುದು ಅಷ್ಟು ಸಲೀಸಲ್ಲ. ಶ್ರೀಖಂಡಕ್ಕೆ ಚಕ್ಕಾ ಮಾಡಲು ಅವ್ವ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾಳಲ್ಲ, ನೀರು ತಾನಾಗಿ ತೊಟ್ಟಿಕ್ಕುತ್ತದೆ. ಅದೇ ಮೊಸರನ್ನು ಕಡೆದು ಮಜ್ಜಿಗೆ ಮಾಡಿ ಕಟ್ಟಿ ನೋಡಿ. ಒಂದಿಷ್ಟು ಬಟ್ಟೆ ದಾಟಿ ಹೋಗುತ್ತದೆ, ಉಳಿದದ್ದು ಬಟ್ಟೆಯ ಕಣ್ಣು ಮುಚ್ಚುತ್ತದೆ. ರಾಡಿಯದೂ ಇದೇ ಕಥೆ. ಚರಂಡಿ ನೀರಿನ ರಾಡಿಯಲ್ಲಿ ಬ್ಯಾಕ್ಟೀರಿಯಾಗಳು ಸ್ರವಿಸಿದ ಲೋಳೆ ಬೇರೆ ಇರುತ್ತದೆ, ಅದು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಡುವ ಮುಂಚೆ ಸುಣ್ಣ, ಫೆರಿಕ್ ಕ್ಲೋರೈಡ್ ಅಥವಾ ಪಾಲಿಮರ್ ಬೆರೆಸುತ್ತಾರೆ. ಪಾಲಿಮರ್ ಎಂದರೆ ಉದ್ದ ದಾರದಂಥ ಅಣು. ಒಂದೇ ದಾರ ಹಲವು ಕಣಗಳನ್ನು ಪೋಣಿಸಿ ದೊಡ್ಡ, ಗಟ್ಟಿ ಫ್ಲಾಕ್ ಕಟ್ಟುತ್ತದೆ. ಆಮೇಲೆ ಬೆಲ್ಟ್ ಪ್ರೆಸ್ಸೋ, ಗರಗರ ತಿರುಗುವ ಸೆಂಟ್ರಿಫ್ಯೂಜೋ.

ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಬಿಸಿಲಿಗೆ ಸಣ್ಣ ಊರುಗಳಲ್ಲಿ ಮರಳಿನ ಒಣಗಿಸುವ ಪಾತಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ದುಬಾರಿ ಯಂತ್ರ ತಂದು, ಬಿಡಿಭಾಗಕ್ಕೆ ಕಾಯುತ್ತ ಕೂರುವುದಕ್ಕಿಂತ ಅದು ಮೇಲು. ಜಾಗ ಹೆಚ್ಚು ಬೇಕು, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ನಿಜ. ದೊಡ್ಡ ನಗರಕ್ಕೆ ಅದು ಆಗದ ಮಾತು.

ನುಗ್ಗೆ ಬೀಜದ ಪುಡಿಯಿಂದಲೇ ಎಲ್ಲ ಮಾಡಬಹುದು ಎನ್ನುವವರೂ ಇದ್ದಾರೆ. ಅದರ ಪ್ರೋಟೀನಿನಲ್ಲಿ ಧನ ವಿದ್ಯುದಂಶ ಇದೆ. ಸುಡಾನಿನ ಹೆಂಗಸರು ನೈಲ್ ನದಿಯ ಕೆಸರು ನೀರನ್ನು ಅದರಿಂದಲೇ ತಿಳಿ ಮಾಡುತ್ತಿದ್ದರು. ಆದರೆ ಬೀಜದ ಸತ್ವ ನೀರಿನಲ್ಲಿ ಉಳಿಯುವುದರಿಂದ ಆ ನೀರನ್ನು ಬಹಳ ಹೊತ್ತು ಇಟ್ಟರೆ ಕೆಡುತ್ತದೆ. ಮನೆಯ ಕೊಡಕ್ಕೆ ಒಪ್ಪುವುದು ಊರಿನ ಘಟಕಕ್ಕೂ ಒಪ್ಪಬೇಕೆಂದಿಲ್ಲ.

ಒಣಗಿದ ರಾಡಿಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಹುದಲ್ಲ ಎಂದು ನೀವು ಕೇಳುತ್ತೀರಿ. ಮನೆಗಳ ಚರಂಡಿಯ ರಾಡಿಯಾದರೆ, ರೋಗಾಣು ಸಾಯುವಂತೆ ಸಂಸ್ಕರಿಸಿ, ಭಾರಲೋಹ ಎಷ್ಟಿದೆ ಎಂದು ಪರೀಕ್ಷಿಸಿದ ಮೇಲೆ ಹಾಕಬಹುದು. ಚಾದರ, ಟಾವೆಲ್ಲಿನ ನೂಲಿಗೆ ಬಣ್ಣ ಹಾಕುವ ಕಡೆಯಿಂದ ಬಂದ ರಾಡಿಯನ್ನು ಮಾತ್ರ ಹೊಲದ ಹತ್ತಿರವೂ ತರಬಾರದು. ಕಾರ್ಖಾನೆ ನೀರಿನ ರಾಸಾಯನಿಕ ರಾಡಿ ನಮ್ಮ ದೇಶದ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. ಎರಡನ್ನೂ ಒಂದೇ ಮೋರಿಗೆ ಬಿಟ್ಟರೆ ಒಳ್ಳೆಯ ರಾಡಿಯೂ ಕೆಟ್ಟಿತು. ಈ ಬೇರ್ಪಡಿಕೆ ಮೋರಿಯಲ್ಲೇ ಆಗಬೇಕು, ಘಟಕಕ್ಕೆ ಬಂದ ಮೇಲೆ ಯಾವ ಪಾಲಿಮರೂ ಅದನ್ನು ಮಾಡಿಕೊಡುವುದಿಲ್ಲ.

ಈ ವರ್ಷ ಪರೀಕ್ಷೆಯಲ್ಲಿ ಆ ಚಿತ್ರಕ್ಕೆ 5 ಅಂಕ ಇಟ್ಟಿದ್ದೇನೆ. ಅದರಲ್ಲಿ 2 ಸಣ್ಣ ಬಾಣಕ್ಕೆ.