ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದರೆ ಕಾರಿನ ವಾರಂಟಿ ರದ್ದಾಗುತ್ತದೆಯೇ?

ಕಾರಿನ ಬಗ್ಗೆ ಎರಡು ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಒಂದು ಹೆದರಿಸುವಂಥದ್ದು: ಕಂಪೆನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಕಡೆ ಒಮ್ಮೆ ಆಯಿಲ್ ಬದಲಾಯಿಸಿದರೂ ಸಾಕು, ವಾರಂಟಿ ಪೂರ್ತಿ ಹೋಯಿತು. ಇನ್ನೊಂದು ಹುರಿದುಂಬಿಸುವಂಥದ್ದು: ಭಾರತದಲ್ಲಿ ‘ರೈಟ್ ಟು ರಿಪೇರ್’ ಕಾನೂನು ಬಂದಾಗಿದೆ, ಎಲ್ಲಿ ಬೇಕಾದರೂ ರಿಪೇರಿ ಮಾಡಿಸಿ, ಕಂಪೆನಿಯವರು ಮಾತಾಡುವಂತಿಲ್ಲ, ಎಲ್ಲರಿಗೂ ಕಳಿಸಿ. ಎರಡೂ ಒಂದೇ ಗುಂಪಿನಲ್ಲಿ ಒಂದೇ ವಾರ ಬರುವುದೂ ಉಂಟು. ಮೊದಲನೆಯದು ಹೆಚ್ಚುಪಾಲು ತಪ್ಪು. ಎರಡನೆಯದೂ ತಪ್ಪು. ಆದರೆ ಅದು ನಿಜವಾಗಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನಿಸುತ್ತದೆ.

ಈ ಪ್ರಶ್ನೆ ಬೆಂಗಳೂರಿನವರಿಗಿಂತ ಹೆಚ್ಚಾಗಿ ಕಾಡುವುದು ಸಣ್ಣ ಪೇಟೆಗಳ ಜನರನ್ನು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನೇ ನೋಡಿ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60ರ ಹತ್ತಿರ. ಕೆಲವು ಕಂಪೆನಿಗಳ ಅಧಿಕೃತ ಸರ್ವಿಸ್ ಸೆಂಟರುಗಳು ಹತ್ತಿರದಲ್ಲೇ ಸಿಗುತ್ತವೆ, ಉಳಿದವಕ್ಕೆ ಮಂಗಳೂರೇ ಗತಿ. ಅಡಿಕೆ, ರಬ್ಬರ್ ಸಾಗಿಸುವ ಪಿಕಪ್‌ ಇಟ್ಟುಕೊಂಡವರಿಗೆ, ಧರ್ಮಸ್ಥಳದ ಬಾಡಿಗೆ ಓಡಿಸುವವರಿಗೆ ಮಂಗಳೂರಿಗೆ ಹೋಗಿಬರುವುದು ಎಂದರೆ ಒಂದು ದಿನದ ದುಡಿಮೆ ಹೋದಂತೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಬುಡದಲ್ಲಿ ಗಾಡಿ ನಿಂತರೆ ಮೊದಲು ಫೋನ್ ಹೋಗುವುದು ಉಜಿರೆಯ ಅಥವಾ ಗುರುವಾಯನಕೆರೆಯ ಪರಿಚಯದ ಮೆಕ್ಯಾನಿಕ್‌ಗೆ. ಶೋರೂಮಿಗಲ್ಲ.

ವಾರಂಟಿಯ ಮಾತು ಎಲ್ಲಿಂದ ಬಂತು?

2011ರ ಜನವರಿಯಲ್ಲಿ ಶಂಶೇರ್ ಕಟಾರಿಯಾ ಎಂಬವರು ಭಾರತೀಯ ಸ್ಪರ್ಧಾ ಆಯೋಗಕ್ಕೆ, ಅಂದರೆ ಸಿಸಿಐಗೆ, ಒಂದು ದೂರು ಕೊಟ್ಟರು. ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪೆನಿಗಳು ತಮ್ಮ ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲ ಎಂಬುದು ದೂರಿನ ಸಾರ. ತನಿಖೆ ಮುಂದೆ ಉಳಿದ ಕಾರು ಕಂಪೆನಿಗಳಿಗೂ ವಿಸ್ತರಿಸಿತು. 2014ರ ಆಗಸ್ಟ್ 25ರಂದು ಆದೇಶ ಬಂದಾಗ 14 ಕಂಪೆನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಬಿದ್ದಿತ್ತು. ಮಾರುತಿ, ಟಾಟಾ, ಮಹೀಂದ್ರ ಆ ಪಟ್ಟಿಯಲ್ಲಿದ್ದವು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಿರ್ಲೋಸ್ಕರ್ ಕೂಡ ಇತ್ತು.

ಆಯೋಗದ ತರ್ಕ ಯಾರಿಗೂ ಅರ್ಥವಾಗುವಂಥದ್ದು. ಕಾರು ಕೊಳ್ಳುವ ಮೊದಲು ನಿಮಗೆ ಹತ್ತು ಕಂಪೆನಿಗಳ ಆಯ್ಕೆ ಇದೆ, ಚೌಕಾಸಿ ಮಾಡಬಹುದು. ಕೊಂಡ ಮೇಲೆ ಆ ಕಾರಿಗೆ ಆ ಕಂಪೆನಿಯ ಭಾಗವೇ ಬೇಕು. ಒಂದು ಕಂಪೆನಿಯ ಬಾಗಿಲು ಇನ್ನೊಂದರ ಕಾರಿಗೆ ಕೂರುವುದಿಲ್ಲ. ಅಂದರೆ ಬಿಡಿಭಾಗ ಮತ್ತು ರಿಪೇರಿಯ ಮಾರುಕಟ್ಟೆಯಲ್ಲಿ ಪ್ರತಿ ಕಂಪೆನಿಯೂ ಏಕಸ್ವಾಮಿ. ಆ ಸ್ಥಾನವನ್ನು ಕಂಪೆನಿಗಳು ದುರುಪಯೋಗ ಮಾಡಿಕೊಂಡಿವೆ ಎಂದು ಆಯೋಗ ಹೇಳಿತು.

ಸುದ್ದಿಯಾದದ್ದು ದಂಡದ ಮೊತ್ತ. ನಮಗೆ ಅದಕ್ಕಿಂತ ಮುಖ್ಯವಾದದ್ದು ಜೊತೆಗೆ ಕೊಟ್ಟ ನಿರ್ದೇಶನಗಳು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು. ಹೊರಗಿನವರ ಕೆಟ್ಟ ಕೆಲಸದಿಂದಲೇ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ಕಂಪೆನಿ ವಾರಂಟಿ ನಿರಾಕರಿಸಬಹುದು. ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕು. ಭಾಗಗಳ ಬೆಲೆ, ವಾರಂಟಿ ನಿಯಮಗಳನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಬೇಕು.

ಉದಾಹರಣೆಗೆ, ನೀವು ಪೇಟೆಯ ಗ್ಯಾರೇಜಿನಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸಿದ್ದೀರಿ, ಆರು ತಿಂಗಳ ಮೇಲೆ ಎ.ಸಿ. ಕಂಪ್ರೆಸರ್ ಕೆಟ್ಟಿತು ಎಂದುಕೊಳ್ಳಿ. ಬ್ರೇಕಿಗೂ ಎ.ಸಿ.ಗೂ ಸಂಬಂಧವಿಲ್ಲ, ಆದ್ದರಿಂದ ಆ ನೆಪ ನಡೆಯಬಾರದು. ಆದರೆ ಹೆಚ್ಚಿನ ಲೈಟು, ಹಾರ್ನ್, ಮ್ಯೂಸಿಕ್ ಸಿಸ್ಟಂ ಹಾಕಲು ವೈರಿಂಗ್ ಕತ್ತರಿಸಿ ಜೋಡಿಸಿದ್ದೀರಿ, ಆಮೇಲೆ ಫ್ಯೂಸ್ ಬಾಕ್ಸ್ ಸುಟ್ಟಿತು ಎಂದಾದರೆ ಕಂಪೆನಿಯ ನಿರಾಕರಣೆಯಲ್ಲಿ ನ್ಯಾಯವಿದೆ. ಹೊಸ ಕಾರಿನ ವಾರಂಟಿ ತಕರಾರುಗಳಲ್ಲಿ ಇಂಥ ವೈರ್ ಕೆಲಸವನ್ನು ಕಡೆಗಣಿಸಬೇಡಿ.

ಹಾಗೆಂದು 2014ರ ಆದೇಶವನ್ನು ತಾಯಿತದಂತೆ ಹಿಡಿದು ಶೋರೂಮಿಗೆ ಹೋದರೆ ಕೆಲಸವಾಗುತ್ತದೆ ಎಂದು ನಾವು ಹೇಳುವುದಿಲ್ಲ. ಕಂಪೆನಿಗಳು ಮೇಲ್ಮನವಿಗೆ, ಹೈಕೋರ್ಟಿಗೆ ಹೋದವು. 2016ರ ಡಿಸೆಂಬರಿನಲ್ಲಿ ಟೊಯೊಟಾ, ಫೋರ್ಡ್, ನಿಸಾನ್ ಮೇಲ್ಮನವಿಗಳಲ್ಲಿ ನ್ಯಾಯಮಂಡಳಿ ತಪ್ಪು ನಡೆದಿದೆ ಎಂಬುದನ್ನು ಒಪ್ಪಿತು. ದಂಡವನ್ನು ಮಾತ್ರ ಇಡೀ ವಹಿವಾಟಿನ ಬದಲು ಬಿಡಿಭಾಗಗಳ ವಹಿವಾಟಿನ ಮೇಲೆ ಲೆಕ್ಕ ಹಾಕಲು ಹೇಳಿ ತಗ್ಗಿಸಿತು. ದೂರು ಕೊಟ್ಟ ಕಾಲದಲ್ಲಿ ಹೊಸದಾಗಿದ್ದ ಕಾರು ಈ ವ್ಯಾಜ್ಯದ ನಡುವೆಯೇ ಹಳತಾಗಿ ಗುಜರಿ ಸೇರಿರಬಹುದು.

ಹಾಗಾದರೆ ಹೊಸ ಕಾನೂನು?

ಇಲ್ಲ. ಕಾರು ರಿಪೇರಿಯ ಹಕ್ಕಿಗಾಗಿಯೇ ಸಂಸತ್ತು ಮಾಡಿದ ಕಾಯಿದೆ ಭಾರತದಲ್ಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು. ಕೃಷಿ ಯಂತ್ರಗಳು, ಮೊಬೈಲ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ‘ರೈಟ್ ಟು ರಿಪೇರ್ ಇಂಡಿಯಾ’ ಪೋರ್ಟಲ್ ಶುರುವಾಯಿತು. ಬಹುಶಃ ಆಗ ಬಂದ ಸುದ್ದಿಯೇ ಬಾಯಿಂದ ಬಾಯಿಗೆ ‘ಕಾನೂನು ಜಾರಿ’ ಎಂದಾಗಿದೆ. ಪೋರ್ಟಲಿನಲ್ಲಿ ಕಂಪೆನಿಗಳು ಕೈಪಿಡಿ, ಸರ್ವಿಸ್ ಕೇಂದ್ರ, ವಾರಂಟಿ ಮಾಹಿತಿ ಹಾಕುತ್ತವೆ. 2024ರ ಜುಲೈಯಲ್ಲೂ ಇಲಾಖೆ ವಾಹನ ಕಂಪೆನಿಗಳನ್ನು ಕರೆದು, ಪೋರ್ಟಲಿಗೆ ಸೇರಿ ಎಂದು ಕೇಳಬೇಕಾಯಿತು. ಕಾಯಿದೆ ಇದ್ದಿದ್ದರೆ ಕೇಳಿಕೊಳ್ಳುವ ಅಗತ್ಯ ಇರುತ್ತಿರಲಿಲ್ಲ.

ಕೆಲವು ಫಾರ್ವರ್ಡುಗಳಲ್ಲಿ ‘ಮ್ಯಾಗ್ನುಸನ್-ಮಾಸ್ ಕಾಯಿದೆ’ಯ ಹೆಸರು ಬರುತ್ತದೆ. ಅದು 1975ರ ಅಮೆರಿಕದ ವಾರಂಟಿ ಕಾನೂನು. ಬಿ.ಸಿ.ರೋಡಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಬೀಗ ಇರುವುದು ಬಾನೆಟ್ಟಿಗಲ್ಲ

ಈಗ ನಿಜವಾದ ತೊಡಕಿಗೆ ಬರೋಣ. ಕಾರ್ಬುರೇಟರ್ ಕಾಲದಲ್ಲಿ ಒಳ್ಳೆಯ ಮೆಕ್ಯಾನಿಕ್ ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಇಂದಿನ ಕಾರಿನಲ್ಲಿ ಇಂಜಿನ್ನಿಗೆ, ಬ್ರೇಕಿಗೆ, ಏರ್‌ಬ್ಯಾಗಿಗೆ ಬೇರೆ ಬೇರೆ ಪುಟ್ಟ ಕಂಪ್ಯೂಟರುಗಳಿವೆ. ಗ್ಯಾರೇಜಿನವರು ಇವನ್ನು ‘ಇಸಿಎಂ’ ಅಥವಾ ‘ಇಸಿಯು’ ಎನ್ನುತ್ತಾರೆ. ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿ ಆ ಕಂಪ್ಯೂಟರುಗಳ ಜೊತೆ ಮಾತಾಡುವ ಬಾಗಿಲು ಅದೇ. ಹೆಸರು ಒಬಿಡಿ.

ಹೊಗೆ ಮತ್ತು ಮಾಲಿನ್ಯಕ್ಕೆ ಸಂಬಂಧಿಸಿದ ದೋಷಗಳಿಗೆ ಇಲ್ಲಿ ಎಲ್ಲ ಕಂಪೆನಿಗಳಿಗೂ ಒಂದೇ ಭಾಷೆ. ‘ಪಿ0301’ ಎಂದು ಬಂದರೆ ಯಾವ ಕಾರಾದರೂ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದೇ ಅರ್ಥ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬ್ಲೂಟೂತ್ ಡಾಂಗಲ್ ಇಂಥವನ್ನು ಓದಿ ಫೋನಿನಲ್ಲಿ ತೋರಿಸುತ್ತದೆ. ‘ಈ ಸಣ್ಣ ಸಾಧನವಿದ್ದರೆ ಶೋರೂಮ್ ಬೇಡ’ ಎಂಬ ಜಾಹೀರಾತು ಹುಟ್ಟಿದ್ದು ಇಲ್ಲಿಂದ. ಅದು ಉತ್ಪ್ರೇಕ್ಷೆ. ‘ಪಿ1’ರಿಂದ ಶುರುವಾಗುವ ಕೋಡುಗಳು ಸಾಮಾನ್ಯವಾಗಿ ಕಂಪೆನಿಯ ಸ್ವಂತ ಭಾಷೆಯವು. ಬ್ರೇಕ್, ಏರ್‌ಬ್ಯಾಗ್, ಬೀಗದ ವ್ಯವಸ್ಥೆಯ ಹಲವು ಕೋಡುಗಳೂ ಹಾಗೆಯೇ. ಅದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ: ಇಂಥ ಡಾಂಗಲ್ ಓದುತ್ತದೆ, ಬರೆಯುವುದಿಲ್ಲ.

ಬರೆಯುವುದು ಎಂದರೇನು? ಪಿಕಪ್ಪಿನ ಡೀಸೆಲ್ ಇಂಜೆಕ್ಟರನ್ನು ತೆಗೆದುಕೊಳ್ಳಿ. ಕಾರ್ಖಾನೆಯಿಂದ ಬರುವ ಎರಡು ಇಂಜೆಕ್ಟರುಗಳು ಒಂದೇ ರೀತಿ ಕಂಡರೂ ಚಿಮ್ಮಿಸುವ ಡೀಸೆಲಿನಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಪ್ರತಿಯೊಂದನ್ನೂ ಅಳೆದು, ಆ ವ್ಯತ್ಯಾಸವನ್ನು ಒಂದು ಕೋಡಾಗಿ ಅದರ ತಲೆಯ ಮೇಲೆ ಅಚ್ಚೊತ್ತಿರುತ್ತಾರೆ. ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಆ ಕೋಡನ್ನು ಇಂಜಿನ್ನಿನ ಕಂಪ್ಯೂಟರಿಗೆ ಬರೆಯಬೇಕು. ಇಲ್ಲದಿದ್ದರೆ ಗಾಡಿ ನಡುಗುತ್ತದೆ, ಹೊಗೆ ಕಾರುತ್ತದೆ. ಬಿಚ್ಚುವುದು, ಕೂರಿಸುವುದು, ಪೈಪ್ ಬಿಗಿಯುವುದು ಇವೆಲ್ಲ ಮೆಕ್ಯಾನಿಕ್‌ಗೆ ಕರತಲಾಮಲಕ. ಕೊನೆಯ ಹತ್ತು ನಿಮಿಷದ ‘ಕೋಡಿಂಗ್’ ಮಾತ್ರ ಅವನ ಕೈಯಲ್ಲಿಲ್ಲ. ಅದಕ್ಕೆ ಗಾಡಿ ಮಂಗಳೂರಿಗೆ ಹೋಗಬೇಕು, ಕೆಲವೊಮ್ಮೆ ಇನ್ನೊಂದು ಗಾಡಿಯ ಬೆನ್ನೇರಿ.

ಕಳೆದುಹೋದ ಕೀಲಿಯದ್ದೂ ಇದೇ ಕತೆ, ಒಳಗಿನ ಚಿಪ್ಪನ್ನು ಕಾರು ಗುರುತಿಸಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಹೊಗೆಮಸಿ ಸೋಸುವ ಫಿಲ್ಟರ್ (ಡಿಪಿಎಫ್) ಇನ್ನೊಂದು ಉದಾಹರಣೆ. ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಮನೆಯಿಂದ ಪೇಟೆ, ಪೇಟೆಯಿಂದ ಮನೆ ಎಂದು ಎರಡು-ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಆಗ ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ಸುಡಿಸಬೇಕು. ಆ ಸೌಲಭ್ಯ ಇಲ್ಲದ ಕಡೆ ‘ಫಿಲ್ಟರನ್ನೇ ತೆಗೆಸಿಬಿಡಿ’ ಎಂಬ ಸಲಹೆ ಹುಟ್ಟುತ್ತದೆ. ಕೇಳಬೇಡಿ. ಅದು ಮಾಲಿನ್ಯ ನಿಯಮದ ಉಲ್ಲಂಘನೆ, ವಾರಂಟಿಗೂ ಎಳ್ಳುನೀರು.

ಎಲ್ಲ ಕಂಪೆನಿಗಳಿಗೂ ಹೊಂದುವ ಸ್ಕ್ಯಾನರುಗಳು ಮಾರುಕಟ್ಟೆಯಲ್ಲಿಲ್ಲವೇ? ಇವೆ. ಒಳ್ಳೆಯವುಗಳ ಬೆಲೆ ಹತ್ತಾರು ಸಾವಿರದಿಂದ ಲಕ್ಷ ದಾಟುತ್ತದೆ, ಮೇಲೆ ಅಪ್‌ಡೇಟಿನ ಖರ್ಚು. ಹಳೆಯ ಮಾಡೆಲುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತವೆ, ಹೊಸ ಮಾಡೆಲುಗಳ ಮುಂದೆ ಮುಗ್ಗರಿಸುತ್ತವೆ. ಮೂರು ಜನ ಕೆಲಸಗಾರರಿರುವ ಗ್ಯಾರೇಜು ಈ ಓಟದಲ್ಲಿ ಎಷ್ಟು ದಿನ ಓಡೀತು?

ಕಂಪೆನಿಗಳ ವಾದವನ್ನೂ ಕೇಳಬೇಕು. ಕೀಲಿಯ ಕೋಡು ಎಲ್ಲರಿಗೂ ಸಿಕ್ಕಿದರೆ ಕಳ್ಳರಿಗೂ ಸಿಗುತ್ತದೆ. ಏರ್‌ಬ್ಯಾಗ್ ತಪ್ಪಾಗಿ ಜೋಡಿಸಿದರೆ ಜೀವ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ತರಬೇತಿ ಇಲ್ಲದವರು ಮುಟ್ಟಲೇಬಾರದು. ಇವೆಲ್ಲ ನಿಜ. ಆದರೆ ಇಂಜೆಕ್ಟರ್ ಕೋಡಿಗೂ ಕಳ್ಳತನಕ್ಕೂ ಏನು ಸಂಬಂಧ? ಆಸ್ಟ್ರೇಲಿಯಾ ಈ ಗಂಟನ್ನು ಬಿಡಿಸಿದ ರೀತಿ ನಮಗೆ ಒಪ್ಪಿಗೆಯಾಗುತ್ತದೆ. ಅಲ್ಲಿ 2022ರ ಜುಲೈ 1ರಿಂದ ಕಂಪೆನಿಗಳು ಸರ್ವಿಸ್ ಮತ್ತು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ಮಾರಲೇಬೇಕು. ಸುರಕ್ಷತೆ ಮತ್ತು ಭದ್ರತೆಯ ಮಾಹಿತಿ ಮಾತ್ರ ಅರ್ಹತೆ ತೋರಿಸಿದವರಿಗೆ. ಕಾಯಿದೆ ಮಾಡಿದರೂ ಜಗಳ ಮುಗಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವಿದೆ. 2012ರಲ್ಲಿ ಜನರು ಮತ ಹಾಕಿ ರಿಪೇರಿ ಹಕ್ಕು ಪಡೆದರು. ಅಷ್ಟರಲ್ಲಿ ಕಾರುಗಳು ಮಾಹಿತಿಯನ್ನು ಸಾಕೆಟ್ ಬಿಟ್ಟು ಇಂಟರ್ನೆಟ್ಟಿನ ಮೂಲಕ ನೇರ ಕಂಪೆನಿಗೆ ಕಳಿಸತೊಡಗಿದವು. 2020ರಲ್ಲಿ ಮತ್ತೆ ಮತ ಹಾಕಬೇಕಾಯಿತು.

ಇಲ್ಲಿ, ಈಗ ಮಾಡಬಹುದಾದದ್ದು

ಮೊದಲು ನಿಮ್ಮ ಕಾರಿನ ವಾರಂಟಿ ಪುಸ್ತಕ ಓದಿ. ಸರ್ವಿಸ್ ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ, ಯಾವ ದರ್ಜೆಯ ಆಯಿಲ್ ಎಂಬುದು ಅದರಲ್ಲಿರುತ್ತದೆ. ಹೊರಗೆ ಮಾಡಿಸುವುದಾದರೂ ಅದೇ ಅವಧಿ, ಅದೇ ದರ್ಜೆ. ಉಚಿತ ಸರ್ವಿಸುಗಳನ್ನೂ, ದೋಷವಿದೆ ಎಂದು ಕಂಪೆನಿಯೇ ಕಾರು ವಾಪಸ್ ಕರೆದಾಗಿನ ಕೆಲಸವನ್ನೂ ಅಧಿಕೃತ ಕೇಂದ್ರದಲ್ಲೇ ಮಾಡಿಸಿ, ಬಿಟ್ಟರೆ ನಿಮಗೇ ನಷ್ಟ. ದುಡ್ಡು ಕೊಟ್ಟು ಕೊಂಡ ‘ಎಕ್ಸ್‌ಟೆಂಡೆಡ್ ವಾರಂಟಿ’ ಬೇರೆಯೇ ಕರಾರು, ಅದರ ಷರತ್ತು ಪ್ರತ್ಯೇಕ ಓದಿ.

ಗ್ಯಾರೇಜಿನಿಂದ ಬಿಲ್ ತೆಗೆದುಕೊಳ್ಳಿ. ದಿನಾಂಕ, ಓಡಿದ ಕಿಲೋಮೀಟರ್, ಆಯಿಲಿನ ದರ್ಜೆ, ಭಾಗದ ನಂಬರ್ ಅದರಲ್ಲಿರಲಿ. ನಮ್ಮ ಪೇಟೆಗಳಲ್ಲಿ ವ್ಯವಹಾರವೆಲ್ಲ ಪರಿಚಯದ ಮೇಲೆ, ಬಾಯಿಮಾತಿನ ಮೇಲೆ ನಡೆಯುತ್ತದೆ. ಬಿಲ್ ಕೇಳಲು ದಾಕ್ಷಿಣ್ಯ. ಆದರೆ ವಾರಂಟಿ ಜಗಳದಲ್ಲಿ ಆ ಚೀಟಿಯೊಂದೇ ನಿಮ್ಮ ಸಾಕ್ಷಿ. ಭಾಗದ ವಿಷಯದಲ್ಲೂ ಒಂದು ಮಾತು: ಕಾರು ಕಂಪೆನಿ ತಾನೇ ಎಲ್ಲ ಭಾಗ ತಯಾರಿಸುವುದಿಲ್ಲ. ಫಿಲ್ಟರ್, ಬ್ರೇಕ್ ಪ್ಯಾಡ್, ಇಂಜೆಕ್ಟರುಗಳನ್ನು ಬೇರೆ ತಯಾರಕರು ಮಾಡಿಕೊಡುತ್ತಾರೆ. ಅದೇ ತಯಾರಕರ ಸ್ವಂತ ಡಬ್ಬಿಯ ಮಾಲು ನಕಲಿಯಲ್ಲ. ಡಬ್ಬಿಯ ಹೆಸರನ್ನೇ ಕದ್ದದ್ದು ನಕಲಿ, ಅದು ಬೇಕಾದಷ್ಟಿದೆ.

ವಾರಂಟಿ ಇಲ್ಲ ಎಂದರೆ ಬರಹದಲ್ಲಿ ಕಾರಣ ಕೇಳಿ. ಹೊರಗಿನ ಯಾವ ಕೆಲಸದಿಂದ ಈ ದೋಷ ಬಂತು ಎಂದು ಅವರು ಹೇಳಲಿ. ಅಲ್ಲಿಗೂ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಈ ಮೂರೂ ತಾಲೂಕಿನವರಿಗೆ ಅದು ಮಂಗಳೂರಿನ ಜಿಲ್ಲಾ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ಗ್ಯಾರೇಜು ನಡೆಸುವವರು ಗ್ರಾಹಕರಲ್ಲ, ಅವರ ದಾರಿ ಬೇರೆ. ಸ್ಪರ್ಧಾ ಆಯೋಗದ ಮುಂದೆ ಯಾವ ವ್ಯಕ್ತಿಯಾದರೂ, ವ್ಯಾಪಾರಿಗಳ ಸಂಘವಾದರೂ ಮಾಹಿತಿ ಸಲ್ಲಿಸಬಹುದು. 2014ರ ಆದೇಶದ ಹಿಂದೆ ಇದ್ದದ್ದೂ ಒಬ್ಬರ ದೂರು. ಭಾಗ ಅಥವಾ ಸಾಫ್ಟ್‌ವೇರ್ ಕೊಡುವುದಿಲ್ಲ ಎಂದು ಕಂಪೆನಿ ಹೇಳಿದಾಗ ಫೋನಿನಲ್ಲಿ ಬೈದು ಸುಮ್ಮನಾಗುವ ಬದಲು, ಇಮೇಲಿನಲ್ಲಿ ಕೇಳಿ ಬಂದ ಉತ್ತರವನ್ನು ಇಟ್ಟುಕೊಳ್ಳಿ. ಮೂರು ತಾಲೂಕುಗಳ ಗ್ಯಾರೇಜಿನವರು ಸೇರಿ ಇಂಥ ಐವತ್ತು ಉತ್ತರ ಒಟ್ಟು ಮಾಡಿದರೆ ಅದೊಂದು ಕಡತವಾಗುತ್ತದೆ.