ಗಲ್ಲಾದ ಮ್ಯಾಲ ಕುಂತವರು ಯಾರು?



ಈಗ ನಮಗೊಂದು ಹೊಸ ಉಪದೇಶ ಸುರುವಾಗಿದೆ. ನೌಕರಿ ಕೇಳಬೇಡಿರಿ, ನೌಕರಿ ಕೊಡುವವರಾಗಿರಿ. ಮಂತ್ರಿಗಳು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಕಾಲೇಜಿಗೆ ಭಾಷಣಕ್ಕೆ ಬಂದ ಸಾವ್ಕಾರರೂ ಹೇಳುತ್ತಾರೆ. ನಮ್ಮ ಮನೆತನಗಳಲ್ಲಿ ಮೊದಲ ಸಲ ಡಿಗ್ರಿ ಕಾಗದ ಹಿಡಿದವರು ನಾವು. ಅಪ್ಪ ಅವ್ವ ಹೊಟ್ಟೆ ಕಟ್ಟಿ ಓದಿಸಿದ್ದು ಮಗನಿಗೊಂದು ನೌಕರಿ ಹತ್ತಲಿ ಅಂತ. ನಾವು ಬಾಗಿಲಿಗೆ ಬರುವ ಹೊತ್ತಿಗೆ ಬಾಗಿಲು ಹಾಕಿಕೊಂಡರು. ಒಳಗಿಂದ ಕೂಗಿ ಹೇಳುತ್ತಿದ್ದಾರೆ: ಅಂಗಡಿ ಹಾಕ್ರಿ, ಮಾಲಕರಾಗ್ರಿ.

ಆಗಲಿ. ನಾವು ಅಂಗಡಿಯ ವೈರಿಗಳಲ್ಲ. ಆದರೆ ಮಾಲಕ ಅಂದರೆ ಯಾರು? ಇದನ್ನು ಮೊದಲು ಇತ್ಯರ್ಥ ಮಾಡೋಣ.

ತಾಜಸುಲ್ತಾನಪುರದಿಂದ ಕಲಬುರಗಿಯ ಗಂಜ್ ದೂರಿಲ್ಲ. ನಮ್ಮ ಅಜ್ಜಂದಿರು ಅಲ್ಲಿ ಕ್ವಿಂಟಾಲ್ ಚೀಲ ಹೊತ್ತವರು. ಈ ನೆಲದ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಣ್ಣಿಗೆ ಹೆಸರು ಬಂತು, ಬೇಳೆಗೆ ಹೆಸರು ಬಂತು. ಚೀಲ ಹೊತ್ತ ಬೆನ್ನಿಗೆ ಹೆಸರಿಲ್ಲ. ಬಿತ್ತಿದ ಕೈ, ಕಳೆ ತೆಗೆದ ಕೈ, ರಾಶಿ ಮಾಡಿದ ಕೈ, ಚೀಲ ಹೊಲಿದ ಕೈ, ಇವು ನಮ್ಮವು. ತೂಕ ಮಾಡಿದ ಕೈ, ಚೀಟಿ ಬರೆದ ಕೈ, ಗಲ್ಲಾ ತೆಗೆದ ಕೈ ನಮ್ಮದಲ್ಲ. ಕಪನೂರದ ಕೈಗಾರಿಕಾ ಪ್ರದೇಶಕ್ಕೆ ನಮ್ಮ ಹುಡುಗರು ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಪಾಳಿ ಕೂಲಿಗೆ ಹೋಗುತ್ತಾರೆ.

ನಮಗೆ ವ್ಯಾಪಾರದ ಬುದ್ಧಿ ಇಲ್ಲ ಅನ್ನುತ್ತಾರೆ. ಬುದ್ಧಿಯ ಮಾತು ಆಮೇಲೆ. ಮೊದಲು ಕಾಯಿದೆಯ ಮಾತಾಡೋಣ. ಶೂದ್ರ ಸಮರ್ಥನಿದ್ದರೂ ಸಂಪತ್ತು ಕೂಡಿಡಬಾರದು ಅಂತ ಮನುಸ್ಮೃತಿ ವಿಧಿಸಿತು. ಊರ ಹೊರಗಿನವನ ಆಸ್ತಿ ನಾಯಿ ಮತ್ತು ಕತ್ತೆ ಅಂತಲೂ ಬರೆಯಿತು. ಅದನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟರು. ಕಾಗದ ಸುಟ್ಟಿತು. ಬಜಾರದಾಗ ಅದು ಇನ್ನೂ ಜಾರಿಯಲ್ಲಿದೆ.

ಬಾಬಾಸಾಹೇಬರೂ ಧಂದೆ ಮಾಡಿ ನೋಡಿದವರೇ. ಅಮೆರಿಕದ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿಗೆ ಹೋಗಿ, 1917ರಲ್ಲಿ ಮರಳಿದರು. ಬಡೋದೆಯಲ್ಲಿ ತಲೆ ಇಡಲು ಜಾಗ ಸಿಗಲಿಲ್ಲ. ಮುಂಬೈಗೆ ಬಂದು ಹಣ ಹೂಡುವವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಗಿರಾಕಿಗಳಿಗೆ ಅವರ ಜಾತಿ ಗೊತ್ತಾಯಿತು. ಕಚೇರಿ ಮುಚ್ಚಿತು. ಈ ದೇಶದಲ್ಲಿ ಹಣದ ವಿಷಯವನ್ನು ಅವರಷ್ಟು ಓದಿದವರು ಆಗ ಎಷ್ಟು ಮಂದಿ ಇದ್ದರು? ಅವರಿಗೂ ವ್ಯಾಪಾರದ ಬುದ್ಧಿ ಇರಲಿಲ್ಲವೇನು?

ನೂರು ವರ್ಷ ದಾಟಿತು. ನಮ್ಮ ಕಡೆಯ ಒಂದೂರು. ಹೆಸರು ಬೇಡ, ಯಾವ ಊರಿನ ಹೆಸರು ಹಾಕಿದರೂ ಹೊಂದುತ್ತದೆ. ನಮ್ಮ ಸೋದರಮಾವ ಬಸ್ಸು ನಿಲ್ಲುವ ಜಾಗದಲ್ಲಿ ಚಹಾದ ಅಂಗಡಿ ಇಟ್ಟ. ಹಾಲು ಗೌಡರ ಮನೆಯದು, ಸಕ್ಕರೆ ಚಾಪುಡಿ ಸಾವ್ಕಾರರ ಕಿರಾಣಿಯದು. ಮೊದಲೆರಡು ದಿನ ಹಾದಿಹೋಕರು ಕುಡಿದರು, ಛಲೋ ಅದ ಅಂದರು. ಮೂರನೆಯ ದಿನ ಒಬ್ಬ ಹಿರಿಯ ಬಂದು ಕೇಳಿದ.

"ಯಾರ ಪೈಕಿ ತಮ್ಮಾ ನೀ?"

ಮಾವ ಹೇಳಿದ. ಅಂವ ಎತ್ತಿದ ಲೋಟ ಕೆಳಗಿಟ್ಟ. ರೊಕ್ಕ ಮಾತ್ರ ಇಟ್ಟು ಹೋದ, ಭಾಳ ಸಭ್ಯ ಮನಿಶ್ಯಾ. ಹದಿನೈದು ದಿನಕ್ಕೆ ಒಲೆ ಆರಿತು.

ಅದೇ ಮಾವ ಪುಣೆಗೆ ಹೋಗಿ ಗಾಡಿ ಮ್ಯಾಲ ಚಹಾ ಮಾರಿದ. ಮಂದಿ ಸಾಲು ಹಚ್ಚಿ ಕುಡಿದರು. ಅಲ್ಲಿ ಯಾರಿಗೂ ಅಂವ ಯಾರು ಅಂತ ಗೊತ್ತಿರಲಿಲ್ಲ. ಅತ್ತೆಗೆ ಜಡ್ಡು ಬಂತು ಅಂತ ಊರಿಗೆ ಮರಳಿದ. ಅದೇ ಜಾಗದಲ್ಲಿ ಈಗ ಪಂಚರ್ ಅಂಗಡಿ. ನಡೆಯುತ್ತಿದೆ. ಟ್ಯೂಬಿಗೆ ಮೈಲಿಗೆ ಇಲ್ಲ.

ಈ ಕತೆಯಲ್ಲಿ ಪೂರಾ ಅರ್ಥಶಾಸ್ತ್ರ ಇದೆ. ನಾವು ಗಾಳಿ ಮಾರಬಹುದು, ಝೆರಾಕ್ಸ್ ಮಾರಬಹುದು, ಮೊಬೈಲಿಗೆ ರೀಚಾರ್ಜ್ ಹಾಕಬಹುದು. ಬಾಯಿಗೆ ಹೋಗುವುದನ್ನು ಮಾರಕೂಡದು. ಕಲಬುರಗಿಯಲ್ಲಿ ಓಣಿಗೊಂದು ಖಡಕ್ ರೊಟ್ಟಿ ಅಂಗಡಿ. ನಮ್ಮವ್ವ ಬಡಿದ ರೊಟ್ಟಿ ನಮ್ಮ ಕೇರಿ ದಾಟುವುದಿಲ್ಲ. ಬಂಡವಾಳ ಕೊಡುತ್ತೇವೆ ಅನ್ನುವವರೇ, ಗಿರಾಕಿಯನ್ನು ಯಾವ ಬ್ಯಾಂಕಿನಿಂದ ತರುತ್ತೀರಿ?

ಬ್ಯಾಂಕಿಗೂ ಹೋದೆವು. ಯಾವ ಬ್ಯಾಂಕು ಅನ್ನುವುದು ಮುಖ್ಯವಲ್ಲ. ಮುದ್ರಾ ಸಾಲ 2015ರಲ್ಲಿ ಬಂತು, ಜಾಮೀನು ಬೇಡ ಅಂತ ಕಾಗದ ಹೇಳಿತು. ಸ್ಟ್ಯಾಂಡ್ ಅಪ್ ಇಂಡಿಯಾ 2016ರಲ್ಲಿ ಬಂತು, ದಲಿತರಿಗೂ ಹೆಣ್ಣುಮಕ್ಕಳಿಗೂ 10 ಲಕ್ಷದಿಂದ 1 ಕೋಟಿಯವರೆಗೆ ಅಂತು. ನಮ್ಮ ಗೆಳೆಯ ಹೊಲಿಗೆ ಮಷಿನ್ ಹಾಕಲು ಐವತ್ತು ಸಾವಿರ ಕೇಳಿದ.

"ಜಾಮೀನ ಯಾರ ಕೊಡ್ತಾರಪಾ?"

"ಜಾಮೀನ ಬ್ಯಾಡಂತ ಬರ್ದದ ಅಲ್ರಿ ಸರ?"

"ಬರ್ದದ, ಖರೆ. ನೀ ತೀರಸಲಿಲ್ಲಂದ್ರ ನಾ ಯಾರಿಗಿ ಕೇಳ್ಲಿ?"

ಬರೆದ ಕಾಯಿದೆ ಒಂದು, ಕುಂತ ಕಾಯಿದೆ ಒಂದು. ನಿಗಮಕ್ಕೆ ಹೋದರೆ ಅಲ್ಲಿ ಫಲಾನುಭವಿಗಳ ಪಟ್ಟಿ. ಪಟ್ಟಿಯಲ್ಲಿ ಹೆಸರು ಬರಲು ಶಾಸಕರ ಹಿಂಬಾಲಕನ ಮೋಟಾರ್‌ಸೈಕಲ್ ಹಿಂದೆ ಓಡಬೇಕು. ಸ್ವಂತ ಕಾಲ ಮ್ಯಾಲ ನಿಂದ್ರಲು ಮೊದಲು ಇನ್ನೊಬ್ಬರ ಕಾಲು ಹಿಡಿಯಬೇಕು.

ಇನ್ನೊಂದು ಬಗೆಯ ಮಾಲಕತನ ಇದೆ. ಅದು ಇನ್ನೂ ಘೋರ. ಸರ್ಕಾರಿ ಕಾಮಗಾರಿಯ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪಂಗಡಕ್ಕೆ 6.95 ಮೀಸಲು ಅಂತ ಕರ್ನಾಟಕದಲ್ಲಿ ಕಾಯಿದೆ ಆಯಿತು. ಮೊದಲು 50 ಲಕ್ಷದ ಕೆಲಸದವರೆಗೆ, 2023ರಲ್ಲಿ 1 ಕೋಟಿಯವರೆಗೆ ಏರಿಸಿದರು. ಹೋರಾಡಿ ಪಡೆದದ್ದು, ಒಳ್ಳೆಯದೇ. ಇದರ ಬಲದಿಂದ ಖರೇನೇ ಗುತ್ತಿಗೆದಾರರಾದ ನಮ್ಮವರು ಇದ್ದಾರೆ, ಅವರಿಗೆ ಶರಣು. ಆದರೆ ಎಷ್ಟು ಕಡೆ ಏನು ನಡೆದಿದೆ? ಲೈಸನ್ಸ್ ನಮ್ಮ ಹುಡುಗನದು, ಜೆಸಿಬಿ ಸಾವ್ಕಾರನದು. ಸಹಿ ನಮ್ಮ ಹುಡುಗನದು, ಬಿಲ್ಲು ಸಾವ್ಕಾರನ ಕಿಸೆಗೆ. ನಮ್ಮ ಹುಡುಗನಿಗೆ ಸಿಗುವುದು ಸಹಿಯ ಕೂಲಿ. ರಸ್ತೆ ಕಿತ್ತುಹೋದರೆ ನೋಟಿಸು ಮಾತ್ರ ಅವನ ಮನೆಗೇ. 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯಿದೆ ಬಂತು. ಅಜ್ಜ ಹೆಬ್ಬೆಟ್ಟು ಒತ್ತಿ ಜೀತಕ್ಕೆ ಬಿದ್ದ. ಮೊಮ್ಮಗ ಇಂಗ್ಲಿಷಿನಲ್ಲಿ ಸಹಿ ಹಾಕಿ ಜೀತಕ್ಕೆ ಬಿದ್ದ.

ಅಂಕಿ ಕೇಳುವವರಿಗೆ ಅಂಕಿ ಕೊಡುತ್ತೇವೆ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 73ನೆಯ ಸುತ್ತು, ಕೇಂದ್ರ ಸರ್ಕಾರದ್ದೇ ಲೆಕ್ಕ. ಅತಿಸಣ್ಣ ಉದ್ದಿಮೆಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನ ಶೇಕಡಾ 12.48. ಸಣ್ಣ ಉದ್ದಿಮೆಗಳಲ್ಲಿ 5.50. ಮಧ್ಯಮ ಉದ್ದಿಮೆಗಳಲ್ಲಿ 0.00. ದೇಶದ ಜನಸಂಖ್ಯೆಯಲ್ಲಿ ನಾವು 2011ರ ಗಣತಿಯ ಪ್ರಕಾರ ಶೇಕಡಾ 16.6. ಏಣಿಯ ಬುಡದಲ್ಲಿ ಡಬ್ಬಾ ಅಂಗಡಿ ಇಟ್ಟುಕೊಂಡು ಕುಂಡ್ರಬಹುದು. ಒಂದು ಮೆಟ್ಟಲು ಏರಿದರೆ ಅರ್ಧ ಮಂದಿ ಇಲ್ಲ. ಇನ್ನೊಂದು ಮೆಟ್ಟಲು ಏರಿದರೆ ಸಮೀಕ್ಷೆಯವರ ಕಣ್ಣಿಗೆ ಒಬ್ಬನೂ ಬೀಳಲಿಲ್ಲ. ಈ ಸೊನ್ನೆಗೆ ಕಾರಣ ನಮ್ಮ ತಲೆಯೋ, ಅವರ ಏಣಿಯೋ?

2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಬಂತು. 18 ಕಸುಬು. ಸಲಕರಣೆಗೆ 15 ಸಾವಿರ. ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಪಟ್ಟಿ ಓದಿದರೆ ಊರಿನ ಆಯಗಾರರನ್ನು ಕರೆದಂತೆ ಕೇಳುತ್ತದೆ: ಬಡಿಗ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಚಮ್ಮಾರ. ಮರದ ಕೆಳಗೆ ಕುಂತು ಹೊಲಿಯುವ ಕಾಕಾನಿಗೆ ಒಳ್ಳೆಯ ಉಳಿ-ರಂಪಿಗೆ ಸಿಕ್ಕರೆ ನಾವ್ಯಾಕೆ ಬೇಡ ಅನ್ನೋಣ? ಆದರೆ ಅವನ ಮಗಳು ಬಿ.ಕಾಂ. ಮಾಡಿದ್ದಾಳೆ. ಅವಳಿಗೂ ಅಪ್ಪನ ಕಸುಬನ್ನೇ ತೋರಿಸಬೇಡಿರಿ. ಉಳಿ ಕೊಟ್ಟವರು ಚಪ್ಪಲಿ ಕಾರ್ಖಾನೆ ಯಾಕೆ ಕೊಡುವುದಿಲ್ಲ?

ನಮ್ಮ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ಕಲ್ಯಾಣ ಅಂದಾಗ ನಮಗೆ ಹರಳಯ್ಯ ನೆನಪಾಗುತ್ತಾನೆ. ಅಂವ ಚಮ್ಮಾವುಗೆ ಹೊಲಿಯುವ ತನಕ ಯಾರಿಗೂ ತಕರಾರು ಇರಲಿಲ್ಲ. ಮಧುವರಸನ ಮನೆಯ ಹೆಣ್ಣು ಹರಳಯ್ಯನ ಮನೆಗೆ ಸೊಸೆಯಾಗಿ ಬಂದಾಗ ಎಳೆಹೂಟೆ ಶಿಕ್ಷೆ ಆಯಿತು. ಕಾಯಕಕ್ಕೆ ಹೊಗಳಿಕೆ, ಗೆರೆ ದಾಟಿದ್ದಕ್ಕೆ ಸಾವು. ಈಗಲೂ ಅದೇ ಲೆಕ್ಕ.

ಈಗ ನಮ್ಮೊಳಗಿನ ಮಾತು. ಅಂಗಡಿ ಅಂದರೆ ಮೂಗು ಮುರಿಯುವ ಕ್ರಾಂತಿಕಾರಿ ಗೆಳೆಯರಿದ್ದಾರೆ. ದಲಿತ ಬಂಡವಾಳಶಾಹಿ ಬೇಡ ಅನ್ನುತ್ತಾರೆ. ಅಣ್ಣಾ, ಡಬ್ಬಾ ಅಂಗಡಿಯಲ್ಲಿ ಬಂಡವಾಳಶಾಹಿ ಕಾಣುವ ನಿನ್ನ ಕಣ್ಣಿಗೆ ನಿಮ್ಮಜ್ಜ ಕಟ್ಟಿಸಿದ ಮಳಿಗೆಯ ಬಾಡಿಗೆ ಕಾಣುವುದಿಲ್ಲವೇ? ಆ ಬಾಡಿಗೆಯೇ ನಿನ್ನ ಕ್ರಾಂತಿಗೆ ಚಹಾ ಕುಡಿಸುತ್ತಿದೆ.

ಇನ್ನೊಂದು ಕಡೆ ದಲಿತ ಕೋಟ್ಯಧೀಶರ ಫೋಟೋ ತೋರಿಸುವವರಿದ್ದಾರೆ. 2005ರಲ್ಲಿ ಪುಣೆಯಲ್ಲಿ ದಲಿತ ಉದ್ದಿಮೆದಾರರ ಮಂಡಳಿಯೇ ಹುಟ್ಟಿತು. ಒಬ್ಬ ಗೆದ್ದರೆ ನಮಗೂ ಎದೆ ಉಬ್ಬುತ್ತದೆ. ಆದರೆ ಒಬ್ಬನ ಫೋಟೋ ಇಟ್ಟು ಇಡೀ ಕೇರಿಯ ಬಾಯಿ ಮುಚ್ಚಿಸಬೇಡಿರಿ. ನಾಳೆ ನಮ್ಮವನೇ ಗಲ್ಲಾದ ಮ್ಯಾಲ ಕುಂತು, ಕಪ್ಪು ತೊಳೆಯುವ ಪೋರನ ಕೂಲಿ ಹಿಡಿದರೆ ಅವನಿಗೂ ಧಿಕ್ಕಾರ ಕೂಗುತ್ತೇವೆ.

ಮಾಲಕ ಅಂದರೆ ಯಾರು? ಬೋರ್ಡಿನ ಮ್ಯಾಲ ಹೆಸರು ಬರೆಸಿದವನಲ್ಲ. ಒಂದು, ಅವನಿಗೆ ರಸ್ತೆಯ ಬಾಜೂ ಜಾಗ ಇರಬೇಕು. ರೈಲು ಬರಲಿ, ರಿಂಗ್ ರೋಡ್ ಬರಲಿ, ಬೆಲೆ ಬರುವುದು ರಸ್ತೆಗೆ ಹೊಲ ಹತ್ತಿದವನಿಗೆ. ಕೇರಿ ಯಾವಾಗಲೂ ಊರ ಹಿಂದ. ಎರಡು, ಅವನ ಮಾತಿನ ಮ್ಯಾಲ ಗಂಜಿನಲ್ಲಿ ಮಾಲು ಉದ್ರಿ ಸಿಗಬೇಕು. ಮೂರು, ಅವನ ಕೈಯಿಂದ ಮಂದಿ ತಿನ್ನಬೇಕು, ಕುಡಿಯಬೇಕು. ನಾಲ್ಕು, ಅವನಿಗೆ ಸೋಲುವ ಹಕ್ಕು ಇರಬೇಕು. ಸಾವ್ಕಾರನ ಮಗ ಮೂರು ಧಂದೆ ಮುಳುಗಿಸಿದರೆ ಅದಕ್ಕೆ ಅನುಭವ ಅನ್ನುತ್ತಾರೆ. ನಾವು ಒಂದು ಸಲ ಮುಳುಗಿದರೆ ‘ಇವರ ಬುದ್ಧಿನೇ ಅಷ್ಟ’ ಅನ್ನುತ್ತಾರೆ. ಇವು ನಾಲ್ಕೂ ಇಲ್ಲದವನಿಗೆ ಸಾಲ ಕೊಟ್ಟರೆ ಅಂವ ಮಾಲಕ ಆಗುವುದಿಲ್ಲ, ಸಾಲಗಾರ ಆಗುತ್ತಾನೆ.

ಅದಕ್ಕೇ ಕೇಳುತ್ತೇವೆ. ಪಂಚಾಯಿತಿ, ಪಾಲಿಕೆಯ ಮಳಿಗೆಗಳಲ್ಲಿ ನಮ್ಮ ಪಾಲು ಕೊಡಿರಿ, ಕೊಟ್ಟ ಮೇಲೆ ಗಲ್ಲಾದ ಮ್ಯಾಲ ಯಾರು ಕುಂತಿದ್ದಾರೆ ಬಂದು ನೋಡಿರಿ. ಬೇನಾಮಿ ಹಿಡಿದಾಗ ಸಹಿ ಮಾಡಿದ ಬಡವನನ್ನು ಬಿಟ್ಟು ಮಾಡಿಸಿದವನನ್ನು ಹಿಡಿಯಿರಿ. ಸಾಲ ನಿರಾಕರಿಸಿದ ಬ್ಯಾಂಕು ಕಾರಣವನ್ನು ಗೋಡೆಗೆ ಹಚ್ಚಲಿ. ಹಾಸ್ಟೆಲ್ಲಿನ ಬೇಳೆ, ಅಂಗನವಾಡಿಯ ಕಾಯಿಪಲ್ಯ, ಸರ್ಕಾರಿ ಸಭೆಯ ಚಹಾ ನಮ್ಮ ಅಂಗಡಿಗಳಿಂದ ಬರಲಿ.

ನಮ್ಮ ಕೇರಿಗೂ ಒಂದು ಮಾತು. ಸಾವ್ಕಾರನ ಅಂಗಡಿಗೆ ನಗದು, ನಮ್ಮ ತಮ್ಮನ ಅಂಗಡಿಗೆ ಉದ್ರಿ. ಇದು ಯಾವ ನ್ಯಾಯ?

ಕೊನೆಗೆ, ನೌಕರಿ ಕೊಡುವವರಾಗಿರಿ ಅನ್ನುವ ದೊಡ್ಡವರಿಗೆ. ನಮ್ಮ ಮಾವ ಪಂಚರ್ ಅಂಗಡಿಯ ಬಾಜೂ ಮತ್ತೆ ಒಲೆ ಹೂಡುತ್ತೇನೆ ಅಂತಿದ್ದಾನೆ. ಬರ್ರಿ. ಊರ ಮಂದಿ ನೋಡುವಂತೆ ನಿಂತು ಅವನ ಕೈಯಾಗಿನ ಚಹಾ ಕುಡೀರಿ. ನಗದು ಕೊಟ್ಟು ಕುಡೀರಿ. ಭಾಷಣ ಆಮ್ಯಾಲ.